ತಾಳ ತಪ್ಪಿದ್ದು ಕೈಯಾ, ಕಂಪ್ಯೂಟರಾ? ಕಡಿಮೆ ಖರ್ಚಲ್ಲಿ ಮನೆಯಲ್ಲೇ ಗಿಟಾರ್ ರೆಕಾರ್ಡಿಂಗ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಸಾಮಾನ್ಯವಾಗಿ ನಾವಿಲ್ಲಿ ದುಡ್ಡಿನ ವಿಷಯ ಮಾತಾಡ್ತೀವಿ. ಮೊದಲ ಸಂಬಳ, ಇಎಂಐ, ತೆರಿಗೆ, ಇಂಥವು. ಇವತ್ತೂ ಮಾತು ದುಡ್ಡಿನದ್ದೇ, ಆದ್ರೆ ಹೊಗ್ತಿರೋ ದಾರಿ ಬೇರೆ. ಎಲೆಕ್ಟ್ರಿಕ್ ಗಿಟಾರನ್ನ ಮನೆಯ ಕಂಪ್ಯೂಟರ್‌ನಲ್ಲಿ, ಕೈಗೆಟುಕೋ ಖರ್ಚಲ್ಲಿ ರೆಕಾರ್ಡ್ ಮಾಡೋದು ಹೇಗೆ ಅಂತ ಇವತ್ತಿನ ವಿಷಯ.

ಯಾಕೆ ಈ ವಿಷಯ ಅಂದ್ರೆ, ಒಂದು ತಿಂಗಳ ಹಿಂದೆ ದಾವಣಗೆರೆಯಲ್ಲಿರೋ ನನ್ನ ಗೆಳೆಯ ವಾಟ್ಸಾಪ್ ಸ್ಟೇಟಸ್ ಹಾಕಿದ್ದ. ಅವನ ಗಿಟಾರ್ ಫೋಟೊ, ಕೆಳಗೆ ‘ಮಾರಾಟಕ್ಕಿದೆ, 9 ಸಾವಿರ’. ನಾನು ತಕ್ಷಣ ಫೋನ್ ಮಾಡಿದೆ. ಕೆಲಸ ಹೋಯ್ತಾ, ಮನೆಯಲ್ಲಿ ಏನಾದ್ರೂ ತೊಂದರೆನಾ ಅಂತ ಗಾಬರಿ. ಅವನು ನಕ್ಕು ಹೇಳಿದ, ‘ಅಂಥದ್ದೇನಿಲ್ಲ. ನನ್ ಕೈಗೆ ತಾಳ ಇಲ್ಲ ಕಣಲೇ. ನಾಲ್ಕು ತಿಂಗಳಿಂದ ಒಂದೇ ಹಾಡು ರೆಕಾರ್ಡ್ ಮಾಡ್ತಿದೀನಿ, ಒಂದ್ ಸಲನೂ ಡ್ರಮ್ಸ್ ಜೊತೆ ಕೂಡಲ್ಲ. ಸಾಕು.’

ಅವನು ಕಾಲೇಜಿನಿಂದ ಬಾರಿಸ್ತಿರೋನು. ಗಣಪತಿ ಪೆಂಡಾಲ್‌ಗಳಲ್ಲಿ ಆರ್ಕೆಸ್ಟ್ರಾ ಜೊತೆ ಬಾರಿಸಿದಾನೆ. ಅಂಥವನ ಕೈಗೆ ತಾಳ ಇಲ್ಲ ಅಂದ್ರೆ ನಂಬೋದು ಹೇಗೆ? ಆ ಭಾನುವಾರ ಬಸ್ ಹತ್ತಿದೆ.

ಇನ್ನೊಂದು ಕಾರಣನೂ ಇತ್ತು, ಅದನ್ನೂ ಹೇಳಿಬಿಡ್ತೀನಿ. 2018ರಲ್ಲಿ, ಬಿ.ಕಾಂ. ಕೊನೆ ವರ್ಷ, ನಾನು ನನ್ನ ಗಿಟಾರ್ ಮಾರಿದ್ದೆ. ನಾಲ್ಕೂವರೆ ಸಾವಿರಕ್ಕೆ. ಲ್ಯಾಪ್‌ಟಾಪಿನ ಮೈಕ್ ಪಿನ್ನಿಗೆ ಕನ್ವರ್ಟರ್ ಹಾಕಿ ರೆಕಾರ್ಡ್ ಮಾಡ್ತಿದ್ದೆ. ಕೇಳಿದ್ರೆ ಯಾರೋ ಕಂಬಳಿ ಹೊದ್ದುಕೊಂಡು ಒಳಗಡೆ ಬಾರಿಸಿದ ಹಾಗೆ ಇರೋದು. ನನಗೆ ಬರಲ್ಲ ಅಂತ ತೀರ್ಮಾನ ಮಾಡಿದೆ. ಅದು ಕೈಯ ತಪ್ಪಲ್ಲ, ಪಿನ್ನಿನ ತಪ್ಪು ಅಂತ ಗೊತ್ತಾಗೋ ಹೊತ್ತಿಗೆ ಗಿಟಾರ್ ಬೇರೆಯವರ ಮನೆಯಲ್ಲಿತ್ತು.

ಹಾಗಾಗಿ ಇವತ್ತು ನಾನು ಹೇಳಬೇಕಾಗಿರೋದು ಒಂದೇ ಮಾತು. ದುಡ್ಡು ಖರ್ಚು ಮಾಡೋಕೆ ಮುಂಚೆ, ಗಿಟಾರ್ ಮಾರೋಕೂ ಮುಂಚೆ, ತಪ್ಪು ಎಲ್ಲಿದೆ ಅಂತ ಪತ್ತೆ ಹಚ್ಚಿ. ಕೈಯಲ್ಲಾ, ವೈರಿನಲ್ಲಾ, ಸೆಟ್ಟಿಂಗ್‌ನಲ್ಲಾ? ಮೂರಕ್ಕೂ ಪರಿಹಾರ ಬೇರೆ, ಖರ್ಚೂ ಬೇರೆ.

ಮೊದಲು ಫೋನ್ ಪರೀಕ್ಷೆ

ಅವನ ಮನೆಗೆ ಹೋದವನೇ ಕಂಪ್ಯೂಟರ್ ಆನ್ ಮಾಡೋಕೆ ಬಿಡಲಿಲ್ಲ. ಒಂದು ಫೋನಿನಲ್ಲಿ ಮೆಟ್ರೊನೋಮ್ ಹಾಕಿದೆ. ಟಕ್ ಟಕ್ ಅಂತ ಲಯ ಕೊಡುತ್ತಲ್ಲ, ಅದು. ಇನ್ನೊಂದು ಫೋನಿನಲ್ಲಿ ವಾಯ್ಸ್ ರೆಕಾರ್ಡರ್. ಗಿಟಾರನ್ನ ಯಾವುದಕ್ಕೂ ಜೋಡಿಸದೆ ಹಾಗೇ ಬಾರಿಸು ಅಂದೆ. ಎಲೆಕ್ಟ್ರಿಕ್ ಗಿಟಾರ್ ಪ್ಲಗ್ ಹಾಕದೇ ಇದ್ರೂ ಸಣ್ಣಗೆ ಕೇಳಿಸುತ್ತೆ, ಫೋನ್ ಹತ್ತಿರ ಇಟ್ರೆ ಅಷ್ಟು ಸಾಕು. ಎರಡು ನಿಮಿಷ ಬಾರಿಸಿದ. ಕೇಳಿಸಿಕೊಂಡ್ವಿ. ಒಂದೆರಡು ಕಡೆ ಬಿಟ್ರೆ ಟಕ್ ಮೇಲೇ ಕೂತಿದೆ.

ಅವನ ಮುಖ ನೋಡಬೇಕಿತ್ತು. ‘ಹಂಗಾದ್ರೆ ಅದರಲ್ಲಿ ಯಾಕ್ ಕೂಡಲ್ಲ?’ ಅಂದ.

ನೀವೂ ಇದನ್ನ ಮಾಡಿ. ಒಂದು ರೂಪಾಯಿ ಖರ್ಚಿಲ್ಲ. ಇಲ್ಲೇ ತಾಳ ತಪ್ಪಿದ್ರೆ ಯಾವ ಉಪಕರಣ ತಗೊಂಡ್ರೂ ಪ್ರಯೋಜನ ಇಲ್ಲ, ದಿನಾ ಅರ್ಧ ಗಂಟೆ ಮೆಟ್ರೊನೋಮ್ ಜೊತೆ ಕೂರಬೇಕು. ಇಲ್ಲಿ ಸರಿ ಇದ್ದು ಕಂಪ್ಯೂಟರ್‌ನಲ್ಲಿ ತಪ್ಪಿದ್ರೆ, ನಿಮ್ಮನ್ನ ನೀವು ಬೈಕೊಳ್ಳೋದು ನಿಲ್ಲಿಸಿ.

ಮೂವತ್ತು ಮೀಟರ್ ದೂರದ ಗಿಟಾರ್

ಕಂಪ್ಯೂಟರ್ ಆನ್ ಮಾಡಿದ್ವಿ. ತಂತಿ ಮೀಟಿದ ಮೇಲೆ ಹೆಡ್‌ಫೋನಿನಲ್ಲಿ ಶಬ್ದ ಬರೋಕೆ ಸ್ಪಷ್ಟವಾಗಿ ತಡ ಆಗ್ತಿತ್ತು. ಅವನಿಗೆ ಅದು ಅಭ್ಯಾಸ ಆಗಿಬಿಟ್ಟಿತ್ತು, ಎಲ್ಲರಿಗೂ ಹೀಗೇ ಇರುತ್ತೆ ಅನ್ಕೊಂಡಿದ್ದ. ಇದಕ್ಕೆ ಲೇಟೆನ್ಸಿ ಅಂತಾರೆ.

ಇದು ಯಾಕೆ ಆಗುತ್ತೆ? ಕಂಪ್ಯೂಟರ್ ಶಬ್ದವನ್ನ ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಇಟ್ಕೊಳ್ಳುತ್ತೆ. ಒಂದೊಂದೇ ಅಂಕಿ ಬಂದ ಹಾಗೆ ಕಳಿಸಲ್ಲ, ಒಂದು ಕಟ್ಟು ತುಂಬೋ ತನಕ ಕಾಯುತ್ತೆ. ಸಿಟಿ ಬಸ್ ಸೀಟ್ ತುಂಬೋ ತನಕ ಹೊರಡದೇ ನಿಲ್ಲುತ್ತಲ್ಲ, ಹಾಗೆ. ಆ ಕಟ್ಟಿನ ಗಾತ್ರವೇ ಬಫರ್. ಅವನ ಸೆಟ್ಟಿಂಗ್‌ನಲ್ಲಿ ಬಫರ್ 2048 ಇತ್ತು. 2048ನ್ನ 44,100ರಿಂದ ಭಾಗಿಸಿ, 46 ಮಿಲಿಸೆಕೆಂಡ್ ಬರುತ್ತೆ. ಒಳಗೆ ಹೋಗೋಕೆ 46, ಹೊರಗೆ ಬರೋಕೆ 46. ಒಟ್ಟು ಹೆಚ್ಚುಕಮ್ಮಿ 93.

93 ಮಿಲಿಸೆಕೆಂಡ್ ಕೇಳೋಕೆ ಚಿಲ್ಲರೆ ಅನಿಸುತ್ತೆ. ಆದ್ರೆ ಲೆಕ್ಕ ನೋಡಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. 93 ಮಿಲಿಸೆಕೆಂಡಿಗೆ ಸುಮಾರು 32 ಮೀಟರ್. ಅಂದ್ರೆ ಅವನು ಇಲ್ಲಿ ಕೂತು ಬಾರಿಸಿ, ಒಂದೂವರೆ ಕ್ರಿಕೆಟ್ ಪಿಚ್ ದೂರದಲ್ಲಿಟ್ಟ ಆಂಪ್ಲಿಫೈಯರ್ ಕೇಳಿಸಿಕೊಳ್ತಿದ್ದ ಹಾಗೆ! ಹಾಡಿನ ವೇಗ ನಿಮಿಷಕ್ಕೆ 120 ಬೀಟ್ ಆದ್ರೆ, ಒಂದು ಬೀಟಿನ ಕಾಲು ಭಾಗ 125 ಮಿಲಿಸೆಕೆಂಡ್. ಅದರಲ್ಲಿ ಮುಕ್ಕಾಲು ಪಾಲನ್ನ ಈ ತಡವೇ ನುಂಗಿತ್ತು. ಕಿವಿ ಹಿಂದೆ ಬಿದ್ದೆ ಅನ್ನುತ್ತೆ, ಕೈ ಮುಂದಕ್ಕೆ ಓಡುತ್ತೆ, ಮತ್ತೆ ತಡವರಿಸುತ್ತೆ. ಯಾರ ತಾಳ ಉಳಿಯುತ್ತೆ ಹೇಳಿ?

ಪರಿಹಾರಕ್ಕೆ ಹತ್ತು ನಿಮಿಷ ಸಾಕಾಯ್ತು. ವಿಂಡೋಸ್‌ನ ಮಾಮೂಲಿ ಡ್ರೈವರ್ ಬದಲು ಏಸಿಯೋ ಡ್ರೈವರ್ ಹಾಕಿದ್ವಿ. ಎ, ಎಸ್, ಐ, ಒ ಅಂತ ಬರೀತಾರೆ. ಸ್ಟೈನ್‌ಬರ್ಗ್ ಅನ್ನೋ ಕಂಪನಿ ತಯಾರಿಸಿದ ವ್ಯವಸ್ಥೆ ಅದು, ಶಬ್ದವನ್ನ ನಡುವಿನ ಕಚೇರಿಗಳಿಗೆಲ್ಲ ಅಲೆಸದೆ ನೇರ ಕಳಿಸುತ್ತೆ. ನಿಮ್ಮ ಉಪಕರಣದ ಕಂಪನಿಯದೇ ಏಸಿಯೋ ಡ್ರೈವರ್ ಇದ್ರೆ ಅದನ್ನೇ ಹಾಕಿ. ಇಲ್ಲದಿದ್ರೆ ‘ಏಸಿಯೋ ಫಾರ್ ಆಲ್’ ಅನ್ನೋ ಉಚಿತ ಡ್ರೈವರ್ ಇದೆ. ಮ್ಯಾಕ್ ಇರೋರಿಗೆ ಇದರ ತಲೆನೋವಿಲ್ಲ, ಅದರಲ್ಲಿ ಕೋರ್ ಆಡಿಯೋ ಮೊದಲೇ ಇರುತ್ತೆ.

ಆಮೇಲೆ ಬಫರ್ 128ಕ್ಕೆ ಇಳಿಸಿದ್ವಿ. ಒಂದು ದಾರಿಗೆ 3 ಮಿಲಿಸೆಕೆಂಡ್ ಕೂಡ ಇಲ್ಲ. ಉಪಕರಣದ ಒಳಗಿನ ತಡ ಸೇರಿಸಿದ್ರೂ ಹತ್ತರ ಆಸುಪಾಸು. ಅಂದ್ರೆ ಮೂರೂವರೆ ಮೀಟರ್, ರೂಮಿನ ಆ ಕಡೆ ಗೋಡೆ ಹತ್ತಿರ ಆಂಪ್ಲಿಫೈಯರ್ ಇಟ್ಟ ಹಾಗೆ. 128ರಲ್ಲಿ ಚಟಪಟ ಅಂತ ಶಬ್ದ ಒಡೆದು ಬಂದ್ರೆ ಕಂಪ್ಯೂಟರ್‌ಗೆ ಕೆಲಸ ಜಾಸ್ತಿ ಆಗ್ತಿದೆ ಅಂತ ಅರ್ಥ, 256 ಮಾಡಿ. ರೆಕಾರ್ಡಿಂಗ್ ಮುಗಿದು ಮಿಕ್ಸಿಂಗ್‌ಗೆ ಕೂತಾಗ 1024ಕ್ಕೆ ಏರಿಸಿದ್ರೂ ತೊಂದರೆ ಇಲ್ಲ.

ಇನ್ನೊಂದು ಮುಖ್ಯ ಮಾತು, ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ಉಳಿದದ್ದೆಲ್ಲ ಸರಿ ಮಾಡಿ ಕಿವಿಗೆ ಬ್ಲೂಟೂತ್ ಹಾಕಿದ್ರೆ ಅದೊಂದೇ ನೂರು ಮಿಲಿಸೆಕೆಂಡಿಗಿಂತ ಜಾಸ್ತಿ ತಡ ಮಾಡಬಹುದು. ವೈರ್ ಇರೋ ಹೆಡ್‌ಫೋನೇ ಬೇಕು.

ಮೈಕ್ ಪಿನ್ನಿಗೆ ಗಿಟಾರ್ ಯಾಕೆ ಒಗ್ಗಲ್ಲ

ಈಗ ನನ್ನ 2018ರ ಕಂಬಳಿ ಶಬ್ದಕ್ಕೆ ಬರ್ತೀನಿ.

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಅಂದ್ರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಸಣ್ಣ ತಾಮ್ರದ ತಂತಿ. ಅದು ಹುಟ್ಟಿಸೋ ಸಿಗ್ನಲ್ ಬಹಳ ನಾಜೂಕು. ಅದನ್ನ ಪಡ್ಕೊಳ್ಳೋ ಕಡೆ ಇಂಪೀಡೆನ್ಸ್, ಅಂದ್ರೆ ಸಿಗ್ನಲ್‌ಗೆ ಎದುರಾಗೋ ತಡೆ, ಸುಮಾರು 10 ಲಕ್ಷ ಓಮ್ ಇರಬೇಕು. ಒಂದು ಮೆಗಾ ಓಮ್ ಅಂತಾರೆ. ಲ್ಯಾಪ್‌ಟಾಪಿನ ಮೈಕ್ ಪಿನ್ನಿನಲ್ಲಿ ಇರೋದು ಕೆಲವೇ ಸಾವಿರ ಓಮ್. ಅಲ್ಲಿ ಜೋಡಿಸಿದ್ರೆ ಪಿಕಪ್ ಮೇಲೆ ಭಾರ ಬಿದ್ದು ಮೇಲಿನ ಸ್ವರಗಳ ಹೊಳಪು ಹೊರಟುಹೋಗುತ್ತೆ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಎಷ್ಟು ಟ್ರೆಬಲ್ ಏರಿಸಿದ್ರೂ ಬರೀ ‘ಸ್ಸ್’ ಅನ್ನೋ ಗಲಾಟೆ ಏರುತ್ತೆ.

ಹಾಗಾಗಿ ಒಂದೇ ಒಂದು ವಸ್ತುವಿಗೆ ದುಡ್ಡು ಹಾಕಲೇಬೇಕು, ಅದು ಆಡಿಯೋ ಇಂಟರ್‌ಫೇಸ್. ಯುಎಸ್‌ಬಿಗೆ ಜೋಡಿಸೋ ಸಣ್ಣ ಡಬ್ಬ. ನಾನು ಅಂಗಡಿಗಳಲ್ಲಿ ವಿಚಾರಿಸಿದ ಹಾಗೆ ನಾಲ್ಕೈದು ಸಾವಿರಕ್ಕೆ ಶುರುವಾಗುತ್ತೆ. ತಗೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಗಿಟಾರ್‌ಗೆ ಅಂತ ಬೇರೆ ಇನ್‌ಪುಟ್ ಇದೆಯಾ? ಅದಕ್ಕೆ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ ಅಂತ ಬರೆದಿರುತ್ತೆ. ಕಂಪನಿಯದೇ ಏಸಿಯೋ ಡ್ರೈವರ್ ಇದೆಯಾ? ಡೈರೆಕ್ಟ್ ಮಾನಿಟರ್ ಬಟನ್ ಇದೆಯಾ? ಮೂರಕ್ಕೂ ‘ಹೌದು’ ಅಂದ್ರೆ ಬಣ್ಣ, ಬ್ರ್ಯಾಂಡ್ ಆಮೇಲೆ ನೋಡ್ಕೊಳ್ಳಿ. ಎಷ್ಟೋ ಜನ ಒಳ್ಳೆ ಇಂಟರ್‌ಫೇಸ್ ತಂದು, ಇನ್‌ಸ್ಟ್ರುಮೆಂಟ್ ಬಟನ್ ಒತ್ತೋದನ್ನೇ ಮರೀತಾರೆ. ಆಗ ಮತ್ತೆ ಅದೇ ಕಂಬಳಿ.

ತಡೀರಿ, ಕೊಳ್ಳೋಕೆ ಮುಂಚೆ ಮನೆಯಲ್ಲಿ ಇರೋದನ್ನ ನೋಡಿ. ನಿಮ್ಮ ಹತ್ರ ಈಗಾಗಲೇ ಗಿಟಾರ್ ಪ್ರೊಸೆಸರ್ ಪೆಡಲ್ ಇದ್ರೆ, ಅದಕ್ಕೆ ಯುಎಸ್‌ಬಿ ಪೋರ್ಟ್ ಇದ್ರೆ, ಅದೇ ಇಂಟರ್‌ಫೇಸ್ ಆಗಿ ಕೆಲಸ ಮಾಡೋ ಸಾಧ್ಯತೆ ಇದೆ. ಮ್ಯಾನ್ಯುಯಲ್ ತೆಗೆದು ಓದಿ. ಕಾಮರ್ಸ್ ಓದಿದವನಾಗಿ ಹೇಳ್ತೀನಿ, ಇರೋ ಆಸ್ತಿಯನ್ನ ಲೆಕ್ಕಕ್ಕೆ ತಗೊಳ್ಳದೆ ಸಾಲ ಮಾಡೋದು ದಡ್ಡತನ.

ಆಂಪ್ಲಿಫೈಯರ್ ಇಲ್ಲದೇ ಆಂಪ್ಲಿಫೈಯರ್ ಶಬ್ದ

‘ಸ್ಟುಡಿಯೋದವರು ಆಂಪ್ಲಿಫೈಯರ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡ್ತಾರಲ್ಲ?’ ಅಂತ ಕೇಳಬಹುದು. ಮಾಡ್ತಾರೆ. ಆದ್ರೆ ಅದಕ್ಕೆ ಜೋರು ವಾಲ್ಯೂಮ್ ಬೇಕು, ಒಳ್ಳೆ ಮೈಕ್ ಬೇಕು, ಶಬ್ದ ತಡೆಯೋ ರೂಮ್ ಬೇಕು. ನಮ್ಮ ಮನೆಗಳಲ್ಲಿ ಪಕ್ಕದ ರೂಮಿನಲ್ಲಿ ಅಮ್ಮನ ಸೀರಿಯಲ್, ಹೊರಗಡೆ ಸೊಪ್ಪಿನ ಗಾಡಿ, ಮೇಲ್ಗಡೆ ಮನೆ ಓನರ್.

ನೇರವಾಗಿ ಜೋಡಿಸೋದು ಕಳಪೆ ದಾರಿ ಏನಲ್ಲ. 1968ರಲ್ಲಿ ಬೀಟಲ್ಸ್ ‘ರೆವಲ್ಯೂಷನ್’ ಹಾಡಿನ ಆ ಒರಟು ಗಿಟಾರ್ ಶಬ್ದಕ್ಕೆ ಗಿಟಾರನ್ನ ನೇರ ಮಿಕ್ಸಿಂಗ್ ಕನ್ಸೋಲಿಗೇ ಹಾಕಿದ್ರು. 1976ರಲ್ಲಿ ಬಂದ ಬೋಸ್ಟನ್ ಬ್ಯಾಂಡಿನ ಮೊದಲ ಆಲ್ಬಮ್‌ನ ಬಹುಪಾಲನ್ನ ಟಾಮ್ ಶೋಲ್ಜ್ ತನ್ನ ಮನೆಯ ನೆಲಮಾಳಿಗೆಯಲ್ಲಿ ರೆಕಾರ್ಡ್ ಮಾಡಿದ್ದ, ಪೋಲರಾಯ್ಡ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವನು. ಮನೆಯಲ್ಲಿ ಮಾಡೋದು ಹೊಸದೂ ಅಲ್ಲ, ನಾಚಿಕೆ ವಿಷಯವೂ ಅಲ್ಲ.

ನಮಗೆ ಅವರಿಗಿಲ್ಲದ ಅನುಕೂಲ ಇದೆ. ಆಂಪ್ ಸಿಮ್ಯುಲೇಟರ್, ಅಂದ್ರೆ ಆಂಪ್ಲಿಫೈಯರ್ ಶಬ್ದವನ್ನ ಅನುಕರಿಸೋ ಸಾಫ್ಟ್‌ವೇರ್. ‘ನ್ಯೂರಲ್ ಆಂಪ್ ಮಾಡೆಲರ್’ ಅನ್ನೋದು ಪೂರ್ತಿ ಉಚಿತ, ಓಪನ್ ಸೋರ್ಸ್. ನಿಜವಾದ ಆಂಪ್ಲಿಫೈಯರ್‌ಗಳ ಶಬ್ದವನ್ನ ಕಲಿತ ಮಾದರಿಗಳನ್ನ ಜನ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಹಂಚಿದಾರೆ. ರೆಕಾರ್ಡಿಂಗ್‌ಗೆ ಮ್ಯಾಕ್‌ನಲ್ಲಿ ಗ್ಯಾರೇಜ್‌ಬ್ಯಾಂಡ್ ಉಚಿತ, ಆಂಪ್ ಕೂಡ ಅದರಲ್ಲೇ ಇದೆ. ವಿಂಡೋಸ್‌ನಲ್ಲಿ ನಾನು ಹೇಳೋದು ರೀಪರ್. 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಲೈಸೆನ್ಸಿಗೆ 60 ಡಾಲರ್. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹುಡುಕಿಕೊಂಡು ಹೋಗಬೇಡಿ. ಅದೇ ಕಂಪ್ಯೂಟರ್‌ನಲ್ಲಿ ನೀವು ಬ್ಯಾಂಕ್ ಪಾಸ್‌ವರ್ಡ್ ಕೂಡ ಹಾಕ್ತೀರಾ, ನೆನಪಿರಲಿ.

ಆಂಪ್ ಹಾಕಿದ ಮೇಲೂ ಡಬ್ಬದಲ್ಲಿ ಜೇನ್ನೊಣ ಸಿಕ್ಕಿಕೊಂಡ ಹಾಗೆ ಗುಂಯ್‌ಗುಟ್ಟಿದ್ರೆ, ಸ್ಪೀಕರ್ ಕ್ಯಾಬಿನೆಟ್ ಬಿಟ್ಟುಹೋಗಿದೆ ಅಂತ ಅರ್ಥ. ಗಿಟಾರ್ ಸ್ಪೀಕರ್ ಕರ್ಕಶವಾದ ಮೇಲಿನ ಶಬ್ದವನ್ನ ತಾನೇ ಸೋಸಿಬಿಡುತ್ತೆ. ಆ ಕೆಲಸಕ್ಕೆ ಐ.ಆರ್. ಅಂತ ಸಣ್ಣ ಫೈಲ್‌ಗಳು ಸಿಗ್ತವೆ, ಉಚಿತವಾಗಿ. ಆಂಪ್ ಆದ ಮೇಲೆ ಅದನ್ನ ಸೇರಿಸಿ. ಶಬ್ದ ಸರಿ ಇಲ್ಲ ಅಂತ ಗಿಟಾರ್ ಬದಲಾಯಿಸಿದ ಎಷ್ಟೋ ಜನರಿಗೆ ಬೇಕಾಗಿದ್ದದ್ದು ಈ ಒಂದು ಫೈಲ್ ಅಷ್ಟೇ.

ಲ್ಯಾಪ್‌ಟಾಪ್ ಹಳೇದು, ಇದೆಲ್ಲ ಓಡಿಸೋಕೆ ಆಗಲ್ಲ ಅಂದ್ರೆ ಡೈರೆಕ್ಟ್ ಮಾನಿಟರ್ ಒತ್ತಿ. ಗಿಟಾರಿನ ಶುದ್ಧ ಶಬ್ದ ಕಂಪ್ಯೂಟರ್ ಒಳಗೆ ಸುತ್ತದೇ ನೇರ ಕಿವಿಗೆ ಬರುತ್ತೆ, ತಡ ಇರಲ್ಲ. ಹಾಗೇ ರೆಕಾರ್ಡ್ ಮಾಡಿ, ಆಂಪ್ ಶಬ್ದ ಆಮೇಲೆ ಹಾಕಿ. ಡಿಸ್ಟಾರ್ಷನ್ ಇಲ್ಲದೆ ಬಾರಿಸೋದು ಮೊದಮೊದಲು ಬೋಳುಬೋಳು ಅನಿಸುತ್ತೆ, ಆದ್ರೆ ಕೈಯ ತಪ್ಪುಗಳು ಅದರಲ್ಲಿ ಚೆನ್ನಾಗಿ ಗೊತ್ತಾಗ್ತವೆ.

ಮಟ್ಟ, ಗಲಾಟೆ, ತಂತಿ

24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಜೋರಾಗಿ ಮೀಟಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ. ಕೆಂಪು ದೀಪ ಬಂದ್ರೆ ಆ ಟೇಕ್ ಹೋಯ್ತು, ಒಡೆದ ಶಬ್ದ ಮತ್ತೆ ಸರಿಹೋಗಲ್ಲ. ಕಡಿಮೆ ಇದ್ರೆ ಆಮೇಲೆ ಏರಿಸಬಹುದು.

ಗುಂಯ್ ಅನ್ನೋ ಗಲಾಟೆ ಇದ್ರೆ ಮೊದಲು ಮನೆಯನ್ನ ಅನುಮಾನಿಸಿ. ನಮ್ಮ ಕರೆಂಟ್ 50 ಹರ್ಟ್ಸ್‌ನದ್ದು, ಸಿಂಗಲ್ ಕಾಯಿಲ್ ಪಿಕಪ್ ಅದನ್ನ ಗಾಳಿಯಿಂದಲೇ ಹೀರಿಕೊಳ್ಳುತ್ತೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಫ್ಯಾನ್ ಆರಿಸಿ, ಅದರ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ದೊಡ್ಡ ಕಳ್ಳ. ಕರೆಂಟ್ ಹೋಗಿ ಹಳೇ ಇನ್ವರ್ಟರ್ ಮೇಲೆ ಇದ್ದಾಗ ರೆಕಾರ್ಡ್ ಮಾಡಬೇಡಿ. ಕುರ್ಚಿ ಮೇಲೆ ಕೂತು ಗಿಟಾರ್ ಸಮೇತ ನಿಧಾನಕ್ಕೆ ತಿರುಗಿ, ಯಾವುದೋ ಒಂದು ದಿಕ್ಕಿನಲ್ಲಿ ಗಲಾಟೆ ತಟ್ಟನೆ ಇಳಿಯುತ್ತೆ. ಅಲ್ಲೇ ಕೂತು ಬಾರಿಸಿ. ಒಂದು ಎಚ್ಚರಿಕೆ: ತಂತಿ ಮುಟ್ಟಿದಾಗ ಕೈ ಜುಮ್ ಅಂದ್ರೆ ತಕ್ಷಣ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಗಲಾಟೆ ಹೋಗಲಿ ಅಂತ ಮೂರನೇ ಪಿನ್ ಮುರಿಯೋ ಸಾಹಸ ಯಾರೂ ಮಾಡಬೇಡಿ.

ಇನ್ನು ತಂತಿ. ಕೆಲವು ನೂರು ರೂಪಾಯಿಯ ಹೊಸ ತಂತಿ ಕೊಡೋ ಹೊಳಪನ್ನ ಹತ್ತು ಸಾವಿರದ ಪೆಡಲ್ ಕೊಡಲ್ಲ. ಪ್ರತಿ ಟೇಕಿಗೆ ಮುಂಚೆ ಟ್ಯೂನ್ ಮಾಡಿ. ರಿದಮ್ ಗಿಟಾರ್ ತುಂಬಿಕೊಂಡು ಕೇಳಬೇಕು ಅಂದ್ರೆ ಅದೇ ಭಾಗವನ್ನ ಎರಡು ಸಲ ಬಾರಿಸಿ, ಒಂದನ್ನ ಪೂರ್ತಿ ಎಡಕ್ಕೆ, ಇನ್ನೊಂದನ್ನ ಬಲಕ್ಕೆ ಇಡಿ. ಒಂದನ್ನೇ ಕಾಪಿ ಪೇಸ್ಟ್ ಮಾಡಿದ್ರೆ ಬರೀ ಜೋರಾಗುತ್ತೆ, ಅಗಲ ಆಗಲ್ಲ. ಎರಡು ಸಲ ಬಾರಿಸಿದ್ದರ ನಡುವಿನ ಸಣ್ಣ ವ್ಯತ್ಯಾಸದಿಂದಲೇ ಆ ಅಗಲ ಬರೋದು.

ಖರ್ಚಿನ ಸರದಿ

ಈಗ ಲೆಕ್ಕದ ಪುಸ್ತಕ ಮುಚ್ಚೋಣ. ನಿಮ್ಮ ಹತ್ರ ಗಿಟಾರ್, ಕಂಪ್ಯೂಟರ್ ಎರಡೂ ಇವೆ ಅನ್ಕೊಳ್ಳಿ. ಮೊದಲ ಖರ್ಚು ಹೊಸ ತಂತಿ ಮತ್ತು ಗಿಟಾರ್ ಸೆಟಪ್. ಎರಡನೇದು ಇಂಟರ್‌ಫೇಸ್. ಮೂರನೇದು ವೈರ್ ಇರೋ ಹೆಡ್‌ಫೋನ್, ಒಂದು ಗಟ್ಟಿ ಕೇಬಲ್. ನಾಲ್ಕನೇದು... ನಾಲ್ಕನೇದು ಇಲ್ಲ. ಒಂದು ಪೂರ್ತಿ ಹಾಡು ಮುಗಿಸೋ ತನಕ ಇನ್ನೇನೂ ತಗೊಳ್ಳಲ್ಲ ಅಂತ ಹಠ ಹಿಡೀರಿ. ಇಎಂಐ ಮೇಲಂತೂ ಬೇಡ. ಹವ್ಯಾಸಕ್ಕೆ ಬಡ್ಡಿ ಕಟ್ಟೋಕೆ ಶುರು ಮಾಡಿದ್ರೆ, ಗಿಟಾರ್ ಕಡೆ ನೋಡಿದಾಗೆಲ್ಲ ಕಂತಿನ ತಾರೀಕು ನೆನಪಾಗುತ್ತೆ.

ನನ್ನ ಗೆಳೆಯ ಆ ಭಾನುವಾರ ಹೊಸದಾಗಿ ಖರ್ಚು ಮಾಡಿದ್ದು ಸೊನ್ನೆ. ಬಫರ್ ಬದಲಾಯಿಸಿದ ಮೇಲೆ ಮೂರನೇ ಟೇಕಿಗೇ ಡ್ರಮ್ಸ್ ಜೊತೆ ಕೂತ್ಕೊಂಡ. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ನಾಲ್ಕು ತಿಂಗಳು ನನ್ನನ್ನೇ ಬೈಕೊಂಡ್ನಲ್ಲೋ’ ಅಂದ. ನನಗೂ ಮಾತು ಹೊರಡಲಿಲ್ಲ. ನಾನು ಬೈಕೊಂಡಿದ್ದು ವರ್ಷಗಟ್ಟಲೆ.

ಸ್ಟೇಟಸ್ ಅಳಿಸಿದ. ಹೋದ ವಾರ ಹಾಡು ಕಳಿಸಿದ, ಮೂರು ನಿಮಿಷದ್ದು. ಎರಡನೇ ಚರಣದಲ್ಲಿ ಒಂದು ಕಡೆ ಸ್ವಲ್ಪ ಮುಂದಕ್ಕೆ ಓಡಿದಾನೆ. ಅದು ಮಾತ್ರ ಕೈಯ ತಪ್ಪೇ, ಅವನಿಗೂ ಹೇಳಿದೀನಿ.

ನಿಮ್ಮ ಮನೆಯಲ್ಲೂ ಬೀರು ಹಿಂದೆ ಒಂದು ಗಿಟಾರ್ ನಿಂತಿದ್ರೆ, ಈ ಭಾನುವಾರ ಹೊರಗೆ ತೆಗೀರಿ. ಮೊದಲು ಫೋನ್ ಪರೀಕ್ಷೆ ಮಾಡಿ, ಏನಾಯ್ತು ಅಂತ ನನಗೆ ಬರೆದು ತಿಳಿಸಿ. ಮುಂದಿನ ವಾರ ಮತ್ತೆ ಸಿಗೋಣ.